ಏನೂ ಮಾಡದ ಗೇಟು

ಯಂತ್ರ ಸುಮ್ಮನಿದ್ದಿದ್ದರೆ ಜಗತ್ತು ಹೇಗಿರುತ್ತಿತ್ತು, ಅದು ಕೈಹಾಕಿದ ಮೇಲೆ ಹೇಗಾಯಿತು. ಈ ಎರಡರ ಅಂತರವೇ ಅದರ ಪರಿಣಾಮವಂತೆ. ಅಂತರ ಸಣ್ಣದಿದ್ದಷ್ಟೂ ಕೃತಕ ಬುದ್ಧಿ ನಿರಪಾಯವಂತೆ. ಇದನ್ನು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ದೇವದುರ್ಗದ ಕಡೆಯ ಮಸರಕಲ್ ಸೀಮೆಯಲ್ಲಿ ಬೆಳೆದವರಿಗೆ ಸುಮ್ಮನಿರುವ ಕಾಲುವೆ ಗೇಟು ಎಂದರೇನೆಂದು ಗೊತ್ತು: ಮೇಲಿನವರ ಗದ್ದೆ ತುಂಬಿ ತುಳುಕುವುದು, ಕಾಲುವೆಯ ಕೊನೆಯ ಟೇಲೆಂಡಿನ ಹೊಲ ಬಿರಿಯುವುದು.

ಕೃಷ್ಣೆಯ ಆಚೆ ದಂಡೆಯಲ್ಲಿ ಯಂತ್ರದ ಕೈಗೆ ಗೇಟು ಕೊಡುವ ಮಾತು ಬರೀ ತರ್ಕವಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳನ್ನು ದೂರದಿಂದಲೇ ನಡೆಸುವ ಸ್ಕಾಡಾ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಜೋಡಿಸಿದ್ದಾರೆ. 2023ರ ಜನವರಿ 19ರಂದು ಪ್ರಧಾನಿ ಕೊಡೇಕಲ್‌ಗೆ ಬಂದು ಆ ಆಧುನೀಕರಣವನ್ನು ಉದ್ಘಾಟಿಸಿದರು. ಮೊದಲು ಗೇಟು ಎತ್ತಿಳಿಸುತ್ತಿದ್ದ ಲಸ್ಕರ್‌ನನ್ನಾದರೆ ಬೈಯಬಹುದಿತ್ತು, ಚಹಾ ಕುಡಿಸಿ ಒಲಿಸಬಹುದಿತ್ತು.

 ಪರಿಣಾಮದ ಈ ಅಳತೆಯ ಬಗ್ಗೆ ಜಗ್ಗಾಡಬೇಕಾದದ್ದು ಅಲೆಕ್ಸ್ ಟರ್ನರ್ ಎಂಬ ಕೃತಕ ಬುದ್ಧಿ ಸಂಶೋಧಕನ ಜೊತೆ. ಪರಿಣಾಮ ವಸ್ತುಗಳಲ್ಲಿಲ್ಲ, ಬೇಕಾದ್ದನ್ನು ಪಡೆಯುವ ನಮ್ಮ ಶಕ್ತಿ ಏರಿತೋ ಇಳಿಯಿತೋ ಎಂಬುದರಲ್ಲಿದೆ ಎನ್ನುತ್ತಾನೆ ಆತ.

ಅಷ್ಟನ್ನು ಒಪ್ಪಲೇಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಹರಿದುಹೋದ ನೀರು ಮಾನ್ವಿ ಕಡೆಯ ನಮ್ಮ ಬೀಗರ ಗದ್ದೆಯ ಒಂದು ಹೆಂಟೆಯನ್ನೂ ಮುಟ್ಟಲಿಲ್ಲ. ಆದರೂ ಬೆಳೆಗೆ ನಂಬಿದ್ದ ನೀರು ಹೋಯಿತೆಂದು ಮರುದಿನ ಅವರ ಮನೆಯಲ್ಲಿ ಒಲೆ ಹೊತ್ತಿದ್ದು ತಡವಾಗಿ. ಜಗತ್ತಿನ ಅಂತರ ಅಳೆಯುವವನಿಗೆ ಕಾಣದ್ದು ಟರ್ನರ್‌ಗೆ ಕಾಣುತ್ತದೆ. ವಾರದೊಳಗೆ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಇಳಿಸಿದರು, ಮಳೆ ಬಂತು, ಡ್ಯಾಮು ಮತ್ತೆ ತುಂಬುತ್ತ ಬಂತು, ಮುಖಗಳು ಅರಳಿದವು. ಅಲ್ಲಿಗೆ ಪರಿಣಾಮ ಮುಗಿಯಿತೇ? ಮುಂದಿನ ವರ್ಷ 33 ಗೇಟುಗಳನ್ನೂ ಬದಲಿಸಬೇಕೆಂದು ಎರಡನೇ ಬೆಳೆಗೆ ನೀರಿಲ್ಲ ಎಂದರು. ಆ ಬೆಳೆಯನ್ನು 19ನೇ ಗೇಟಿನ ಖಾತೆಗೆ ಬರೆಯುವುದೋ, ಹಳತಾದ ಅಣೆಕಟ್ಟಿನ ಖಾತೆಗೋ?

ಟರ್ನರ್ ಈ ವಿಚಾರವನ್ನು ಯಂತ್ರಕ್ಕೆ ಅಳವಡಿಸುವಾಗ ಹಳೇ ಗುಂಡಿಗೇ ಬೀಳುತ್ತಾನೆ. ಯಂತ್ರ ತನ್ನದೇ ಶಕ್ತಿಯ ಏರಿಳಿತ ನೋಡಿಕೊಳ್ಳಬೇಕು, ಅದೂ ಸುಮ್ಮನಿದ್ದರೆ ಎಷ್ಟಿರುತ್ತಿತ್ತು ಎಂಬುದಕ್ಕೆ ಹೋಲಿಸಿ. ತುಂಗಭದ್ರಾ ಎಡದಂಡೆಯಲ್ಲಿ ಈ ಅಳತೆ ಇಡಿ. ಅರೆ ನೀರಾವರಿ ಬೆಳೆಗೆಂದು ಗುರುತಿಸಿದ ನೆಲದಲ್ಲೂ ಮೇಲ್ಭಾಗದವರು ಭತ್ತ ನಾಟಿದ್ದಾರೆ. ಅದೇ ಇವತ್ತಿನ ಸ್ಥಿತಿ. ಪರಿಣಾಮ ಕಡಿಮೆ ಮಾಡೆಂದು ಕಲಿಸಿದ ಗೇಟು ಈ ಅನ್ಯಾಯವನ್ನೇ ಕಾಯುತ್ತದೆ, ಮತ್ತು ತನ್ನ ಅಳತೆಯಲ್ಲಿ ಪೂರ್ಣ ಅಂಕ ಪಡೆಯುತ್ತದೆ.

ಹಾಗಾದರೆ ಆಯಕಟ್ಟಿನ ನಕ್ಷೆಯನ್ನೇ ಆಧಾರವಾಗಿ ಕೊಡೋಣ ಎನ್ನುತ್ತಿದ್ದೆ ನಾನು. ಗೇಟು ಕಾಗದದಲ್ಲಿರುವಷ್ಟೇ ನೀರು ಬಿಡಲಿ. ಆದರೆ ಮೇಲ್ಭಾಗದ ಆ ಭತ್ತದಲ್ಲಿ ಕಳೆ ಕೀಳುವವರು ನಮ್ಮ ದೇವದುರ್ಗದ ಕಡೆಯಿಂದ ಹೋದ ಕೂಲಿ ಹೆಣ್ಣುಮಕ್ಕಳು. ನಕ್ಷೆಯಲ್ಲಿ ಅವರಿಲ್ಲ, ಟರ್ನರ್‌ನ ಸೂತ್ರದಲ್ಲೂ ಇಲ್ಲ. ಒಂದು ಹಂಗಾಮಿನಲ್ಲಿ ನ್ಯಾಯ ತೀರಿಸುವ ಗೇಟು ಅವರ ಕೂಲಿಯನ್ನೂ ಮುಗಿಸಿಬಿಡುತ್ತದೆ. ಸುಮ್ಮನಿರುವ ಗೇಟಿನ ಮೇಲೆ ನನಗಿದ್ದ ಸಿಟ್ಟು ಇಳಿದಿಲ್ಲ. ಅದರ ಜಾಗದಲ್ಲಿ ಎಂಥ ಗೇಟು ಕೂರಿಸಬೇಕೆಂದು ಕೇಳಿದರೆ, ಮೊದಲಿದ್ದಷ್ಟು ಜೋರಾಗಿ ಉತ್ತರ ಹೇಳಲಾರೆ.