ಗಂಗಮ್ಮ, ಕೂಡಿ ನೋಡುವ ಕಣ್ಣು ಕೊಡು

ಗಂಗಮ್ಮ ತಾಯಿ, ಟಿ. ದಾಸರಹಳ್ಳಿಯಿಂದ ಕೈಮುಗಿಯುತ್ತಿದ್ದೇನೆ. ಕೊಳಾಯಿ ತಿರುವಿದೆ, ನೀನು ಬಂದೆ. ಮೊದಲು ಅದಕ್ಕೆ ಶರಣು.

ನೀನು ಬಂದ ದಾರಿ ನೆನೆದರೆ ಮೈ ಜುಮ್ಮೆನ್ನುತ್ತದೆ. ಮಳವಳ್ಳಿ ಸೀಮೆಯ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ. ಅಲ್ಲಿಂದ ತಾತಗುಣಿ. ಸುಮಾರು 100 ಕಿಲೋಮೀಟರ್ ದಾರಿ. ಮೂರು ಕಡೆ ಪಂಪುಗಳು ತಳ್ಳಿ ತಳ್ಳಿ ಸುಮಾರು 500 ಮೀಟರ್ ಎತ್ತರ ಹತ್ತಿಸುತ್ತವೆ. 1974ರಿಂದ ಕಾವೇರಿಯಾಗಿ ಹೀಗೇ ಹತ್ತಿ ಬರುತ್ತಿದ್ದೀಯ. ಪಂಪ್‌ಹೌಸಿನಲ್ಲಿ ರಾತ್ರಿಪಾಳಿ ಮಾಡಿದವರ ಮುಖ ನಾನು ಕಂಡಿಲ್ಲ. ಕರೆಂಟು ಕಾಯ್ದವರನ್ನೂ ಕಂಡಿಲ್ಲ. ಕೊಡಗಿನಲ್ಲಿ ಬಿದ್ದ ಮಳೆಯನ್ನೂ ಕಂಡಿಲ್ಲ. ಇವರಲ್ಲಿ ಯಾರೊಬ್ಬರು ಕೈಬಿಟ್ಟರೂ ನನ್ನ ಬಿಂದಿಗೆ ಖಾಲಿ. ನನ್ನ ಪುಟ್ಟ ಬದುಕನ್ನು ಇಷ್ಟು ಜನರ ಕೈಯಲ್ಲಿ ಇಟ್ಟಿದ್ದೀಯ. ಹೆದರಿಕೆಯೂ ಆಗುತ್ತದೆ, ಧೈರ್ಯವೂ ಬರುತ್ತದೆ.

ಅರ್ಕಾವತಿಯ ಮಾತನ್ನು ನಿನ್ನ ಮುಂದೆ ಎತ್ತಲೇಬೇಕು. ನಂದಿ ಬೆಟ್ಟದಲ್ಲಿ ಹುಟ್ಟಿ ಹೆಸರಘಟ್ಟಕ್ಕೆ ಬರುತ್ತಿದ್ದ ಹೊಳೆ. 1890ರ ದಶಕದಲ್ಲಿ ಬೆಂಗಳೂರು ಪೇಟೆಗೆ ಕೊಳಾಯಿ ನೀರು ಹೋದದ್ದು ಹೆಸರಘಟ್ಟದಿಂದಲೇ. ನಮ್ಮ ಪಕ್ಕದ ಸೋಲದೇವನಹಳ್ಳಿಯಿಂದ ಪಂಪು ಮಾಡಿ ಮಲ್ಲೇಶ್ವರಕ್ಕೆ ಕಳಿಸುತ್ತಿದ್ದರು. ಆ ಹೊಳೆ ಬತ್ತಿತು. ಯಾಕೆ ಬತ್ತಿತೆಂದು ಏಟ್ರೀ ಸಂಸ್ಥೆಯ ಸಂಶೋಧಕರು ಹುಡುಕಿದರು. ಮಳೆ ಕಡಿಮೆಯಾದದ್ದು ಕಾರಣವಲ್ಲ ಎಂದು 2015ರಲ್ಲಿ ಬರೆದರು. ಬೋರ್‌ವೆಲ್ಲುಗಳು, ನೀಲಗಿರಿ ತೋಪುಗಳು, ಹರಿವ ದಾರಿಗೆ ಬಿದ್ದ ಅಡ್ಡಗಟ್ಟೆಗಳು, ಇವುಗಳ ಕಡೆ ಬೊಟ್ಟು ಮಾಡಿದರು.

ತಾಯಿ, ಸಾಲ ಮಾಡಿ ಬೋರು ಕೊರೆಸಿದ ರೈತ ಹೊಳೆಗೆ ಕೇಡು ಬಗೆದವನಲ್ಲ. ಕೊರೆಯುವ ಮುನ್ನ ಅರಿಸಿನ ಕುಂಕುಮ ಇಟ್ಟು ನಿನ್ನನ್ನೇ ಪೂಜಿಸಿದವನು. ಕೂಲಿಯಾಳು ಸಿಗದವನು ನೀಲಗಿರಿ ನೆಟ್ಟ. ನೀರು ಇಂಗಲಿ ಎಂದು ಗಟ್ಟೆ ಕಟ್ಟಿದ್ದು ಪುಣ್ಯದ ಕೆಲಸವೇ. ಒಂದೊಂದನ್ನೇ ಎತ್ತಿ ನೋಡಿದರೆ ತಪ್ಪು ಸಿಗುವುದಿಲ್ಲ. ಎಲ್ಲ ಕೂಡಿದಾಗ ಹೊಳೆ ಹೋಯಿತು. ಕೆಟ್ಟವರು ಕೆಡಿಸಿದ್ದರೆ ಅವರಿಗೆ ಬುದ್ಧಿ ಕೊಡು ಎನ್ನಬಹುದಿತ್ತು. ಅವರವರ ಪಾಡಿಗೆ ಬಾಳಿದವರೇ ಸೇರಿ ಹೀಗಾದರೆ, ನಾನು ಏನು ಬೇಡಲಿ?

ನನ್ನ ಕೆಲಸವನ್ನೂ ನಿನ್ನ ಪಾದದಲ್ಲಿಡುತ್ತೇನೆ. ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಮಾಲು ಅಳೆಯುವವನು ನಾನು. ಮೈಕ್ರೋಮೀಟರ್ ಕೈಗೆ ಬಂದರೆ ಕೂದಲೆಳೆಗಿಂತ ಸಣ್ಣ ವ್ಯತ್ಯಾಸವೂ ಸಿಕ್ಕಿಬೀಳುತ್ತದೆ. ಆ ಕಣ್ಣು ನೀನು ಕೊಟ್ಟದ್ದು. ಅಳೆದ ಮಾಲು ಪ್ಲೇಟಿಂಗ್‌ಗೆ ಹೋಗುತ್ತದೆ, ಹೊಳೆಯುತ್ತಾ ವಾಪಸು ಬರುತ್ತದೆ. ನಡುವೆ ಅದನ್ನು ತೊಳೆದ ನೀರು ಏನಾಯಿತು? ನನ್ನ ಅಳತೆಯ ಪಟ್ಟಿಯಲ್ಲಿ ಅದಕ್ಕೆ ಒಂದು ಕಾಲಂ ಇಲ್ಲ. ಪೀಣ್ಯದ ನೆಲದಡಿಯ ನೀರಿನಲ್ಲಿ ಕ್ರೋಮಿಯಂ ಇದೆಯೆಂದು ಪರೀಕ್ಷೆಗಳು ತೋರಿಸಿವೆ. ಮೇಲೆ ಹರಿದದ್ದು ವೃಷಭಾವತಿಗೆ ಬಿದ್ದು, ನಗರದ ಬಚ್ಚಲು ನೀರಿನೊಡನೆ ಬಿಡದಿ ಬಳಿಯ ಬೈರಮಂಗಲದ ಕಡೆಗೆ ಇಳಿಯುತ್ತದೆ. ಅಲ್ಲಿನ ರೈತರು ಅದೇ ನೊರೆನೀರು ಹಾಯಿಸಿ ಹುಲ್ಲು, ಬೇಬಿ ಕಾರ್ನ್ ಬೆಳೆಯುತ್ತಾರೆ. ಹುಲ್ಲು ಹಸುವಿಗೆ, ಹಾಲು ಮಾರಾಟಕ್ಕೆ. ನೀರು ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ, ಮೇಕೆದಾಟು ದಾಟಿ ಮೆಟ್ಟೂರಿಗೆ. ಆ ನೀರಿಗೆ ಕಾಲಿಟ್ಟು ಹುಲ್ಲು ಕೊಯ್ಯುವ ಯಾರದೋ ಕಾಲು ತುರಿಸುತ್ತಿದೆ. ನನ್ನ ಸಂಬಳದಲ್ಲಿ ಆ ತುರಿಕೆಯ ಪಾಲಿದೆ. ಅವರ ಹೆಸರು ನನಗೆ ಗೊತ್ತಿಲ್ಲ, ನಿನಗೆ ಗೊತ್ತು. ಅವರನ್ನು ಕಾಪಾಡು.

ಹಿಂದಿನವರಿಗೆ ನೀನು ಕಲಿಸಿದ್ದು ನೆನಪಾಗುತ್ತದೆ. ಚೊಕ್ಕಸಂದ್ರ, ಶಿವಪುರ, ಕರಿಹೋಬನಹಳ್ಳಿ, ಒಂದೊಂದಕ್ಕೂ ಒಂದು ಕೆರೆ. ಈ ನಾಡಿನಲ್ಲಿ ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಆದ್ದರಿಂದ ಮೇಲಿನವರ ಹೂಳು ಕೆಳಗಿನವರ ಚಿಂತೆಯೂ ಆಗಿತ್ತು. ಮಳೆ ಸೋತ ವರ್ಷ ಕೋಲಾರದ ಕಡೆ ದಾಮಾಶ ಎಂಬ ಪದ್ಧತಿಯಿತ್ತು. ಕೆರೆಯ ಹತ್ತಿರದ ಒಂದಿಷ್ಟು ಗದ್ದೆಯನ್ನಷ್ಟೇ ಉಳುವುದು. ದೂರದ ಗದ್ದೆಯವರಿಗೂ ಅದರಲ್ಲೇ ಪಾಲು. ಬರವನ್ನೂ ಹಂಚಿಕೊಳ್ಳುವ ಆ ವಿವೇಕ ಒಬ್ಬ ಪಂಡಿತನ ತಲೆಯಲ್ಲಿ ಹುಟ್ಟಿರಲಾರದು. ಎಷ್ಟೋ ಬರಗಾಲಗಳಲ್ಲಿ ಎಷ್ಟೋ ಜನ ಕೂತು ಜಗಳವಾಡಿ ಕಂಡುಕೊಂಡದ್ದಿರಬೇಕು.

ಆದರೆ ಆ ಕಾಲವನ್ನು ಹೊಗಳಿ ಮುಗಿಸಲು ಮನಸ್ಸು ಒಪ್ಪದು. ತೂಬು ಎತ್ತಿ ಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿಗಳು ಬಹುಪಾಲು ದಲಿತರ ಮನೆಯವರು. ಊರ ನೀರಿನ ನ್ಯಾಯ ಅವರ ಕೈಯಲ್ಲಿತ್ತು. ಊರ ಬಾವಿ ಅವರಿಗೆ ಮುಚ್ಚಿತ್ತು. ಅವರ ಅರಿವು ಬೇಕು, ಅವರು ಬೇಡ ಎಂದ ಆ ಕಟ್ಟಳೆಯನ್ನು ನಮಗೆ ಮತ್ತೆ ಕೊಡಬೇಡ. ಕೊಡುವುದಾದರೆ ನೀರಗಂಟಿಯ ನೋಟವನ್ನು ಕೊಡು, ಅವರಿಗೆ ಸಲ್ಲದೇ ಹೋದ ಮರ್ಯಾದೆಯ ಜೊತೆಗೆ ಕೊಡು.

ಈಗಲೂ ಬಲ್ಲವರಿದ್ದಾರೆ ತಾಯಿ. ಯಾವ ಬೀದಿ ಏರಿನಲ್ಲಿದೆ, ಯಾವ ಮನೆಗೆ ನೀರು ಕೊನೆಗೆ ತಲುಪುತ್ತದೆ, ವಾಲ್ವ್ ತಿರುವುವವರಿಗೆ ಗೊತ್ತು. ಯಾವ ಬೋರಿನ ನೀರು ಕೆಟ್ಟಿತೆಂದು ಟ್ಯಾಂಕರ್ ಓಡಿಸುವವರಿಗೆ ಗೊತ್ತು. ತೊಟ್ಟಿ ಯಾವಾಗ ಖಾಲಿಯಾಗುತ್ತದೆಂದು ಪ್ಲೇಟಿಂಗ್ ಹುಡುಗನಿಗೆ ಗೊತ್ತು. ಜಲಮಂಡಳಿಯ ಎಂಜಿನಿಯರಿಗೆ ನಕ್ಷೆ ಗೊತ್ತು. ನೊರೆ ಯಾವ ತಿಂಗಳು ಹೆಚ್ಚೆಂದು ಬೈರಮಂಗಲದವರಿಗೆ ಗೊತ್ತು. ಇವರು ಒಂದೇ ಕಡೆ ಕೂತದ್ದನ್ನು ನಾನು ನೋಡಿಲ್ಲ.

2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಬೋರುಗಳು ಬತ್ತಿದವು. ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಬಂತು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್. ಅದಕ್ಕೂ ಶರಣು, ಎಷ್ಟೋ ತಾಯಂದಿರ ಸೊಂಟದ ನೋವು ಇಳಿಯಿತು. ಆದರೆ ಮನೆಗಳಿಗೆ ಬಂದ ನೀರಿನ ಬಹುಪಾಲು ಬಚ್ಚಲಿಗೂ ಹೋಗುತ್ತದೆ, ಕಣಿವೆಗೂ ಇಳಿಯುತ್ತದೆ. ಬರುವ ಕೊಳವೆಗೆ ಪೂಜೆ ಮಾಡಿದ ನಮಗೆ ಹೋಗುವ ಕೊಳವೆಯ ಕಡೆ ತಿರುಗುವ ಭಕ್ತಿ ಕೊಡು.

ಪೂರ್ತಿ ಕಾಣಿಸು ಎಂದು ಬೇಡುವುದಿಲ್ಲ. ಅಷ್ಟನ್ನು ತಾಳುವ ಕಣ್ಣಲ್ಲ ಇದು. ನನಗೆ ಕಂಡ ತುಣುಕನ್ನು ಇನ್ನೊಬ್ಬರ ತುಣುಕಿನ ಪಕ್ಕ ಇಡುವ ಸೌಜನ್ಯ ಕೊಡು. ಎಂಜಿನಿಯರಿಗೆ ಕೇಳುವ ವ್ಯವಧಾನ ಕೊಡು. ಪ್ಲೇಟಿಂಗ್ ಹುಡುಗನ ಎದೆಯಿಂದ ಕೆಲಸ ಹೋದೀತೆಂಬ ಭಯ ತೆಗೆ. ಸಣ್ಣ ಶೆಡ್ಡು ನಡೆಸುವ ಯಜಮಾನರಿಗೂ ಸಾಲದ ಕಂತುಗಳಿವೆ, ಅವರನ್ನು ಕೈಬಿಡಬೇಡ. ಬೈರಮಂಗಲದವರಿಗೂ ಒಂದು ಕುರ್ಚಿ ಹಾಕಿಸು.

ಸೋಮವಾರ ಮಾಲು ಪ್ಲೇಟಿಂಗ್‌ಗೆ ಹೊರಟಾಗ ಟೆಂಪೋದಲ್ಲಿ ನಾನೂ ಹೋಗುತ್ತೇನೆ. ತೊಟ್ಟಿಯ ಪಕ್ಕ ನಿಂತು, "ಈ ನೀರು ಎಲ್ಲಿಗೆ ಹೋಗುತ್ತಣ್ಣ?" ಎಂದು ಕೇಳಬೇಕು. ಆಗ ನನ್ನ ಜೊತೆ ಇರು.