ಬಕಧ್ಯಾನ

ಕಪಟಿಯ ಮೌನವನ್ನು 'ಬಕಧ್ಯಾನ'ವೆಂದು ಕರೆಯುವುದು ನಮ್ಮಲ್ಲಿ ರೂಢಿ. ವಿನಯವನ್ನು ನಟಿಸುತ್ತ, ದೃಷ್ಟಿಯನ್ನು ಕೆಳಗಿರಿಸಿ, ಸ್ವಾರ್ಥವನ್ನು ಸಾಧಿಸುವವನಿಗೆ ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಬಕವ್ರತಿಯೆಂದೇ ಹೆಸರಿಟ್ಟಿದೆ. ಬೇರೊಂದು ಕೊಳಕ್ಕೆ ಒಯ್ಯುವೆನೆಂದು ನಂಬಿಸಿ ಮೀನುಗಳನ್ನು ತಿಂದು, ಕಡೆಗೆ ಏಡಿಯಿಂದ ಹತವಾದ ಪಂಚತಂತ್ರದ ಮುದಿಬಕನನ್ನು ಅರಿಯದ ಬಾಲಕನಿಲ್ಲ. ಈ ಅಪವಾದವು ನ್ಯಾಯವೇ ಎಂಬುದನ್ನು ಪುಸ್ತಕವನ್ನು ಮುಚ್ಚಿಟ್ಟು ನೀರಿನ ಅಂಚಿನಲ್ಲಿ ನಿಂತು ವಿಚಾರಿಸುವುದು ಮೇಲು.

ಅದಕ್ಕೆ ಕಡಲತೀರದವರೆಗೆ ಹೋಗಬೇಕಾಗಿಲ್ಲ. ಮೂಡಿಗೆರೆಯ ಸೀಮೆಯಲ್ಲಿ ಹುಟ್ಟಿದ ಹೇಮಾವತಿಯು ಸಕಲೇಶಪುರವನ್ನು ಹಾಯ್ದು, ಆಲೂರಿನ ಗುಡ್ಡಗಳ ಕಡೆಯಿಂದ ಇಳಿದು, ಗೊರೂರಿನ ಜಲಾಶಯವನ್ನು ಸೇರುತ್ತಾಳೆ. ವೈಶಾಖದ ಬಿಸಿಲಿಗೆ ಹಿನ್ನೀರು ಹಿಂದೆ ಸರಿದಾಗ, ಕೆಸರೂ ಎಳೆಯ ಹುಲ್ಲೂ ಕೂಡಿದ ಬಯಲು ತೆರೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಬಂದಿದ್ದ ಗೊರವಗಳು ಬಹುಮಟ್ಟಿಗೆ ಉತ್ತರಕ್ಕೆ ಮರಳಿರುತ್ತವೆ. ಬೆಳ್ಳಕ್ಕಿ, ಕೆಂಪುಕಾಲಿನ ಮೆಟ್ಟುಗಾಲುಹಕ್ಕಿ, ಬಾಯ್ಕಳಕ ಕೊಕ್ಕರೆ, ಇವು ನಮ್ಮವೇ. ಬಾಯ್ಕಳಕನ ಕೊಕ್ಕಿನ ಎರಡು ದಳಗಳು ನಡುವೆ ಕೂಡುವುದೇ ಇಲ್ಲ. ನೋಡುವವನಿಗೆ ವಿಕಾರವೆನಿಸಿದ ಆ ಬಿರುಕು ನೀರಿನ ಬಸವನಹುಳುವನ್ನು ಹಿಡಿಯಲು ಒದಗಿದ ಸಾಧನ. ಮರಿಗೆ ಅದಿಲ್ಲ, ಬೆಳೆದಂತೆ ಬರುತ್ತದೆ. ಕೊಳದ ಬಕವಂತೂ ನಿಂತಾಗ ಕೆಸರಿನ ಬಣ್ಣ, ಎದ್ದು ಹಾರಿದಾಗ ಅಚ್ಚಬಿಳುಪು. ವೇಷಧಾರಿಯೆಂಬ ಅಪಖ್ಯಾತಿಗೆ ಈ ಮಾರ್ಪಾಟೂ ನೆರವಾಗಿರಬಹುದು.

ಆದರೆ ಕಪಟಕ್ಕೆ ಎರಡು ಮನಸ್ಸು ಬೇಕು, ತೋರುವುದೊಂದು, ಬಯಸುವುದೊಂದು. ಬಕನಿಗಿರುವುದು ಒಂದೇ ಮನಸ್ಸು, ಅದು ಮೀನಿನ ಮೇಲಿದೆ. ಅದು ತಪಸ್ವಿಯಂತೆ ನಿಂತಿದೆಯೆಂದವರು ನಾವು. ತಪಸ್ವಿಯಲ್ಲವೆಂದು ಬೈದವರೂ ನಾವೇ! ಭಾರತದ ವನಪರ್ವದಲ್ಲಿ ಯಕ್ಷನು ಬಕರೂಪದಿಂದ ಧರ್ಮರಾಯನೆದುರು ನಿಂತಾಗ, ತಾನು ಪಾಚಿಯನ್ನೂ ಮೀನನ್ನೂ ತಿನ್ನುವವನೆಂದು ಮೊದಲೇ ಹೇಳಿಬಿಡುತ್ತಾನೆ. ಧರ್ಮವನ್ನು ಪ್ರಶ್ನಿಸಲು ಹೊರಟವನು ತನ್ನ ಆಹಾರವನ್ನು ಮರೆಮಾಚಲಿಲ್ಲ. ಪಂಚತಂತ್ರದ ಬಕನಿಗೆ ದೋಷ ಬಂದದ್ದು ಮೀನು ತಿಂದುದರಿಂದಲ್ಲ, ಮನುಷ್ಯರ ಮಾತು ಕಲಿತುದರಿಂದ.

ಹಾಗಾದರೆ ಆ ದಡದಲ್ಲಿ ಬಕವ್ರತಿ ಯಾರೂ ಇಲ್ಲವೆ? ದುರ್ಬೀನನ್ನು ಕಣ್ಣಿಗೊತ್ತಿಕೊಂಡು ಅಲುಗಾಡದೆ ನಿಂತವನೊಬ್ಬನಿದ್ದಾನೆ. ಅವನು ಏನನ್ನೂ ಕೊಲ್ಲುವುದಿಲ್ಲ, ಒಯ್ಯುವುದಿಲ್ಲ; ನಿಷ್ಕಾಮನೆಂದೇ ತನ್ನನ್ನು ಎಣಿಸಿಕೊಂಡಿರುತ್ತಾನೆ. ಆದರೆ ಅವನಿಗೆ ಆನಂದವಿತ್ತ ಕೆಸರು ಒಂದು ಕಾಲದಲ್ಲಿ ಗದ್ದೆ. 1979ರಲ್ಲಿ ಅಣೆಕಟ್ಟು ಮುಗಿದು, ಊರುಗಳು ಎದ್ದುಹೋಗಿ, ನೀರು ನಿಂತಿತು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಶೆಟ್ಟಿಹಳ್ಳಿಯಲ್ಲಿ ಕಟ್ಟಿಸಿದ ಇಗರ್ಜಿಯ ಗೋಡೆಗಳು ಮಳೆಗಾಲದಲ್ಲಿ ನೀರಿಗಿಳಿದು ಬೇಸಗೆಯಲ್ಲಿ ಹೊರಬರುತ್ತವೆ. ಅದನ್ನು ಕಾಣಲು ಜನ ಬರುತ್ತಾರೆ. ಮುಳುಗಿದ ಕಣಗಳಿಗೆ ಗೋಡೆಯಿರಲಿಲ್ಲ, ಆದ್ದರಿಂದ ಅವನ್ನು ಕೇಳುವವರಿಲ್ಲ. ಅದೇ ನೀರು ಕೆಳಗಿನ ಸೀಮೆಗಳಲ್ಲಿ ಬತ್ತವಾಗಿದೆಯೆಂಬುದೂ ಸುಳ್ಳಲ್ಲ. ಹಕ್ಕಿಯನ್ನು ನೋಡಿ ನಲಿಯುವುದು ಪಾಪವೆನ್ನುವುದು ಅತಿಮಾತಾದೀತು. ಆದರೆ ಬಕನು ಇದೊಂದನ್ನೂ ಅರಿಯದು, ನೋಡುವವನು ಅರಿಯಬಲ್ಲ. ಅರಿತೂ ಅರಿಯದಂತೆ, 'ಮನುಷ್ಯಸ್ಪರ್ಶವಿಲ್ಲದ ಪ್ರಶಾಂತಸ್ಥಳ'ವೆಂದು ಉಸಿರುಬಿಟ್ಟರೆ, ಮನುವಿನ ಮಾತು ಹಕ್ಕಿಯನ್ನು ಬಿಟ್ಟು ಅವನ ಹೆಗಲ ಮೇಲೆ ಕುಳಿತುಕೊಳ್ಳುತ್ತದೆ.

ಆ ಬಯಲಿನಲ್ಲಿ ದನ ಮೇಯಿಸುವ ಮುದುಕನನ್ನು ಕೇಳಿದರೆ, ತಂದೆಯ ಗದ್ದೆಯ ಬದು ಇದ್ದ ಜಾಗವನ್ನು ಕೋಲಿನಿಂದ ತೋರಿಸಿಯಾನು. ಅಷ್ಟರಲ್ಲಿ ಹಸುವಿನ ಗೊರಸಿಗೆ ಎದ್ದ ಹುಳುವನ್ನು ಬೆಳ್ಳಕ್ಕಿಯೊಂದು ಅಲ್ಲಿಯೇ ಕುಕ್ಕಿಕೊಂಡಿರುತ್ತದೆ.