ಒಬ್ಬರು ಸಾಲದು

ಲಕ್ವಾ ಹೊಡೆದು ಹಾಸಿಗೆ ಹಿಡಿದ ಅಜ್ಜನಿಗೆ ಹೊಸ ಹೋಂ ನರ್ಸ್ ಅಂಬಲಿ ಕುಡಿಸುತ್ತಿದ್ದಾಳೆ ಎಂದುಕೊಳ್ಳಿ. ತಲೆ ಹಿಂದಕ್ಕೆ ವಾಲಿಸಿ ಚಮಚ ಇಟ್ಟಳೋ, ಅಜ್ಜನಿಗೆ ನೆತ್ತಿಗೇರಿತು. ಗದ್ದ ತುಸು ತಗ್ಗಿಸಿ, ಬಾಯಿಯ ಸರಿಯಿರುವ ಬದಿಗೆ ಅರ್ಧ ಚಮಚ ಹಾಕಿ, ನುಂಗಿದ್ದು ಕಾಣುವ ತನಕ ಕಾಯಬೇಕು. ಇದು ಹೋದ ತಿಂಗಳು ಬಿಟ್ಟುಹೋದವಳಿಗೆ ಗೊತ್ತಿತ್ತು. “ಎಡಗೈ ಹಿಡದು ಎಬ್ಬಸಬ್ಯಾಡ್ರಿ, ಹೆಗಲು ನೋಯ್ತೈತಿ” ಎಂದು ಸೊಸೆ ಅಡುಗೆಮನೆಯಿಂದಲೇ ಕೂಗುತ್ತಾಳೆ. ಅಜ್ಜನಿಗೆ ಮಾತು ಹೋಗಿದೆ. ಅವನ ನೋವು ಎಲ್ಲೆಲ್ಲಿದೆ ಎಂಬುದು ನೋಡಿಕೊಳ್ಳುವವರ ಕೈಗೆ ಮಾತ್ರ ಗೊತ್ತು. ಕೈ ಬದಲಾದಾಗಲೆಲ್ಲ ಮತ್ತೆ ಮೊದಲಿನಿಂದ ಶುರು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಮಿರಜಿಗೋ ಬೆಳಗಾವಿಗೋ ಹೋಗಿ ಆಸ್ಪತ್ರೆಯಿಂದ ಮರಳಿದವರ ಆರೈಕೆ ಕೊನೆಗೆ ಮನೆಯವರ ಮೇಲೇ ಬೀಳುತ್ತದೆ. ನೋಡಿಕೊಳ್ಳುವವರು ಬದಲಾಗದೆ ಇರಬೇಕೇ ಎಂಬ ಪ್ರಶ್ನೆಯನ್ನು ಇಲ್ಲಿ ಆಳವಾಗಿ ಬೇರೂರಿದ ಜೈನ ಪರಂಪರೆ ಬಹಳ ಹಿಂದೆಯೇ ಕೈಗೆತ್ತಿಕೊಂಡಿತ್ತು.

ತತ್ತ್ವಾರ್ಥಸೂತ್ರ ಎಣಿಸುವ ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯ, ಅಂದರೆ ಸೇವೆ, ಒಂದು. ಅದಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’ನೂ ಇದ್ದಾನೆ, ಗ್ಲಾನ ಎಂದರೆ ರೋಗಿ. ಸೇವೆ ಮಾಡುವವನಿಗೆ ಅದು ತಪಸ್ಸಾದರೆ, ಯಾರು ಮಾಡಿದರೇನು? ಹಚ್ಚಿಕೊಂಡ ಮುಖವೇ ಬೇಕೆನ್ನುವುದು ಮೋಹವಲ್ಲವೇ? ಸಲ್ಲೇಖನ, ಅಂದರೆ ಉಪವಾಸದಿಂದ ದೇಹ ಬಿಡುವ ವ್ರತ, ಬಯಸುವ ಆಚಾರ್ಯ ತನ್ನ ಮುನಿಗಣವನ್ನು ಬಿಟ್ಟು ಬೇರೆ ಗಣಕ್ಕೆ ಹೋಗಬೇಕೆಂದು ಜೈನ ಗ್ರಂಥ ‘ಭಗವತೀ ಆರಾಧನೆ’ ಹೇಳುವುದೂ ಶಿಷ್ಯರ ಮಮತೆ ತೊಡಕಾಗದಿರಲೆಂದೇ.

ಅದೇ ಗ್ರಂಥ ಇನ್ನೊಂದು ಮಾತನ್ನೂ ಹೇಳುತ್ತದೆ. ಕನ್ನಡಿಗರಿಗೆ ಅದು ದೂರದ ಗ್ರಂಥವೇನಲ್ಲ. ವಡ್ಡಾರಾಧನೆಯ 19 ಕಥೆಗಳು ಅದರ ಗಾಹೆಗಳಿಂದಲೇ, ಅಂದರೆ ಪ್ರಾಕೃತ ಪದ್ಯಗಳಿಂದಲೇ, ಬೆಳೆದವು. ಕೊನೆಗಾಲದ ಮುನಿಯ ಪಕ್ಕದಲ್ಲಿರುವ ಆರೈಕೆಯವರಿಗೆ ಅಲ್ಲಿ ‘ನಿರ್ಯಾಪಕ’ರೆಂಬ ಹೆಸರು. ಅನುಕೂಲವಿದ್ದಾಗ ಅವರು 48 ಮಂದಿ. ಮೈ ಹಿಡಿದು ಏಳಿಸಲು, ಕೂರಿಸಲು ನಾಲ್ವರು, ಧರ್ಮಕಥೆ ಹೇಳಲು ನಾಲ್ವರು, ಮಲಮೂತ್ರ ಶುಚಿ ಮಾಡಲು ನಾಲ್ವರು. ಕಾಲ ಕೆಟ್ಟಂತೆ ಈ ಸಂಖ್ಯೆ ಇಳಿಯಬಹುದು, ಎರಡಕ್ಕಿಂತ ಕೆಳಗೆ ಮಾತ್ರ ಇಳಿಯಕೂಡದು. ಏಕೆಂದರೆ ಒಬ್ಬನೇ ಇದ್ದರೆ, ಅವನು ಭಿಕ್ಷೆಗೆ ಹೋದಾಗ ಮಲಗಿದವನು ಅನಾಥ; ಹೋಗದಿದ್ದರೆ ಇವನೇ ಉಪವಾಸ. ಆರೈಕೆ ಮಾಡುವವನ ಹಸಿವನ್ನೂ ಶಾಸ್ತ್ರ ಲೆಕ್ಕಕ್ಕೆ ಹಿಡಿದಿರುವುದು ಸಣ್ಣ ಮಾತಲ್ಲ.

ಪರಿಚಯದ ಕೈಯೇ ಬೇಕೇ ಎಂಬ ಪ್ರಶ್ನೆಗೆ ಈ ಸೀಮೆಯವರ ಬದುಕಿನಲ್ಲೇ ಒಂದು ನಿದರ್ಶನವಿದೆ. ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಜೈನ ಮುನಿ ವಿದ್ಯಾಸಾಗರರು 1968ರಲ್ಲಿ ಅಜ್ಮೇರದಲ್ಲಿ ಮುನಿದೀಕ್ಷೆ ಪಡೆದರು. 1972ರ ನವೆಂಬರ್ 22ರಂದು ನಸೀರಾಬಾದಿನಲ್ಲಿ ಗುರು ಜ್ಞಾನಸಾಗರರು ಆಚಾರ್ಯಪದವಿಯನ್ನು ಶಿಷ್ಯನಿಗೇ ಒಪ್ಪಿಸಿ, ಕೆಳಗಿಳಿದು, ತನ್ನ ಸಲ್ಲೇಖನಕ್ಕೆ ನೀನೇ ನಿರ್ಯಾಪಕನಾಗಬೇಕೆಂದು ಕೇಳಿಕೊಂಡರು. 1973ರ ಜೂನ್ 1ರಂದು ಗುರು ದೇಹ ಬಿಡುವವರೆಗೆ ಶಿಷ್ಯ ಜೊತೆಗೇ ಇದ್ದರು. ಗುರು ಆರಿಸಿಕೊಂಡದ್ದು ತನ್ನ ಮೈಮನಸ್ಸನ್ನು ವರ್ಷಗಟ್ಟಲೆ ಕಂಡಿದ್ದವನನ್ನು. ಮಮತೆಯನ್ನು ಕಳಚಿಕೊಳ್ಳಲೂ ಪರಿಚಯದ ಕೈ ಬೇಕಾಯಿತು. ಪರಿಚಯವೆಂಬುದು ಮೋಹವಲ್ಲ, ಒಂದು ಬಗೆಯ ತಿಳಿವಳಿಕೆ.

ನಾರ್ವೆಯ ಸುಮಾರು 45 ಲಕ್ಷ ಜನರ ದಾಖಲೆ ನೋಡಿ 2022ರಲ್ಲಿ ಪ್ರಕಟವಾದ ಅಧ್ಯಯನವೂ ಇತ್ತಲೇ ಕೈ ತೋರಿಸುತ್ತದೆ. ಒಬ್ಬರೇ ವೈದ್ಯರನ್ನು 15 ವರ್ಷಕ್ಕೂ ಹೆಚ್ಚು ಕಾಲ ಕಂಡವರಲ್ಲಿ ಸಾವಿನ ಸಾಧ್ಯತೆ, ಒಂದೇ ವರ್ಷದ ಪರಿಚಯವಿದ್ದವರಿಗಿಂತ ಸುಮಾರು ಶೇ. 25 ಕಡಿಮೆಯಿತ್ತು. ನಮ್ಮ ಆಶಾ ಕಾರ್ಯಕರ್ತೆಯರ ವ್ಯವಸ್ಥೆ ನಿಂತಿರುವುದೂ ಈ ನಂಬಿಕೆಯ ಮೇಲೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ 3ನೇ ದಿನದಿಂದ 42ನೇ ದಿನದೊಳಗೆ ಆರು ಸಲ ಬರುವವಳು ಅದೇ ಊರಿನ ಹೆಣ್ಣುಮಗಳು. ಈ ಗಡಿಯಲ್ಲಿ ಮನೆಯಿಂದ ಮನೆಗೆ ಮಾತು ಕನ್ನಡದಿಂದ ಮರಾಠಿಗೆ ಹೊರಳುತ್ತದೆ. ಅದೂ ಅವಳಿಗೆ ಗೊತ್ತು.

ಹಾಸಿಗೆ ಹಿಡಿದ ಹಿರಿಯರಿಗೆ ಮಾತ್ರ ಅಂಥ ಏರ್ಪಾಡು ಗಟ್ಟಿಯಾಗಿಲ್ಲ. ಅಲ್ಲಿ ಬದಲಾಗದೆ ಉಳಿಯುವವಳು ಸೊಸೆಯೊಬ್ಬಳೇ. ತವರಿಗೆ ಹೋಗದೆ, ಮದುವೆ ಮುಂಜಿಗೆ ಹೋಗದೆ, ರಾತ್ರಿ ಎರಡೆರಡು ತಾಸಿಗೆ ಎದ್ದು ಮಾವನ ಮಗ್ಗುಲು ಬದಲಿಸುವ ಅವಳನ್ನು ಊರು ‘ಪುಣ್ಯವಂತೆ’ ಎನ್ನುತ್ತದೆ. ಶಾಸ್ತ್ರ ಬೇಡವೆಂದ ಒಂಟಿ ನಿರ್ಯಾಪಕ ಇವಳೇ. ಎರಡನೆಯವರು ಮಗನಾಗಲಿ, ಪಗಾರದ ನರ್ಸ್ ಆಗಲಿ, ಆ ಮೈಯನ್ನು ಬಲ್ಲವರಾಗಿರಬೇಕು. ನರ್ಸ್ ಬದಲಾಗುವುದೇ ಆದರೆ, ಹಳಬಳು ಹೋಗುವ ಮುಂಚಿನ ಒಂದು ದಿನ ಹೊಸಬಳೂ ಹಾಸಿಗೆಯ ಪಕ್ಕ ಕೂತು, ಗದ್ದ ಎಷ್ಟು ತಗ್ಗಿಸಬೇಕೆಂದು ಕಣ್ಣಾರೆ ನೋಡಲಿ. ಮನೆಯವರಿಗೆ ಒಂದು ದಿನದ ಪಗಾರ ಹೆಚ್ಚು ಬೀಳುತ್ತದೆ.